ತಂತಿ ಒಂದೇ, ಮಾರುವವರು ಇಬ್ಬರು

2025ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ವಿದ್ಯುತ್ ಕಾಯ್ದೆಯ ತಿದ್ದುಪಡಿ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಕೂಡಲೇ ಎರಡು ಬಗೆಯ ಸುದ್ದಿಗಳು ಹರಿದಾಡಿದವು. ಇನ್ನು ಮೊಬೈಲ್ ಸಿಮ್ ಪೋರ್ಟ್ ಮಾಡಿದ ಹಾಗೆ ಕರೆಂಟ್ ಕಂಪನಿಯನ್ನೂ ಬದಲಿಸಬಹುದು ಎಂಬುದು ಒಂದು. ಬೆಸ್ಕಾಂ, ಹೆಸ್ಕಾಂಗಳನ್ನು ಖಾಸಗಿಯವರಿಗೆ ಮಾರುತ್ತಾರೆ, ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ನಿಲ್ಲುತ್ತದೆ ಎಂಬುದು ಇನ್ನೊಂದು. ಕರಡಿನಲ್ಲಿ ಹೀಗೆ ನೇರವಾಗಿ ಎಲ್ಲೂ ಬರೆದಿಲ್ಲ. ಆದರೆ ಎರಡೂ ಮಾತು ಹುಟ್ಟಿದ್ದು ಅಲ್ಲಿಂದಲೇ.

ಈ ಗೊಂದಲ ಬಿಡಿಸಿಕೊಳ್ಳಲು ಕರಡೊಂದನ್ನೇ ಓದಿದರೆ ಸಾಲದು. ಸರ್ಕಾರ ಮತ್ತು ಖಾಸಗಿ ಬಂಡವಾಳ ಮೂವತ್ತೈದು ವರ್ಷಗಳಿಂದ ವಿದ್ಯುತ್ ಕ್ಷೇತ್ರದಲ್ಲಿ ಹೇಗೆ ಕೈ ಜೋಡಿಸುತ್ತ ಬಂದಿವೆ, ಪ್ರತಿ ಬಾರಿಯೂ ನಷ್ಟದ ಹೊರೆ ಯಾರ ಹೆಗಲಿಗೆ ಬಿತ್ತು ಎಂಬುದನ್ನೂ ನೋಡಬೇಕು.

ಕರಡಿನಲ್ಲಿ ಏನಿದೆ?

ಒಂದೇ ಪ್ರದೇಶದಲ್ಲಿ ಎರಡನೇ ಕಂಪನಿಗೆ ವಿತರಣೆಯ ಲೈಸೆನ್ಸ್ ಕೊಡುವುದು ಹೊಸದೇನಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಆದರೆ ಷರತ್ತೊಂದಿತ್ತು: ಬರುವವರು ತಮ್ಮದೇ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಹಾಕಿಕೊಳ್ಳಬೇಕು. ಆ ಖರ್ಚಿಗೆ ಹೆದರಿ ಹೆಚ್ಚಿನವರು ಬರಲಿಲ್ಲ. ಹೊಸ ಕರಡು ಈ ಷರತ್ತನ್ನು ಸಡಿಲಿಸುತ್ತದೆ. ಹೊಸ ಕಂಪನಿ ಈಗಿರುವ ಜಾಲವನ್ನೇ ಬಳಸಿ, ಅದಕ್ಕೆ ಬಾಡಿಗೆ ಕೊಟ್ಟು ವಿದ್ಯುತ್ ಮಾರಬಹುದು. ಬಾಡಿಗೆಯನ್ನು ನಿಗದಿ ಮಾಡುವುದು ರಾಜ್ಯದ ನಿಯಂತ್ರಣ ಆಯೋಗ, ಎಂದರೆ ನಮ್ಮಲ್ಲಿ ಕೆಇಆರ್‌ಸಿ.

ಇದರ ಜೊತೆಗೆ ಇನ್ನೂ ಮೂರು ಅಂಶಗಳಿವೆ. ವಿದ್ಯುತ್ತಿಗೆ ತಗಲುವ ನಿಜವಾದ ವೆಚ್ಚಕ್ಕೆ ತಕ್ಕಂತೆ ದರ ಇರಬೇಕು. ಕಾರ್ಖಾನೆ, ರೈಲ್ವೆ, ಮೆಟ್ರೋಗಳ ಮೇಲಿನ ಅಡ್ಡ ಸಬ್ಸಿಡಿಯನ್ನು ಐದು ವರ್ಷಗಳಲ್ಲಿ ತೆಗೆಯಬೇಕು. ಒಂದು ಮೆಗಾವಾಟ್‌ಗಿಂತ ಹೆಚ್ಚು ಬೇಡಿಕೆಯಿರುವ ದೊಡ್ಡ ಗ್ರಾಹಕರಿಗೆ ಕೇಳಿದಾಗ ವಿದ್ಯುತ್ ಕೊಡಲೇಬೇಕೆಂಬ ಹೊಣೆಯಿಂದ ವಿತರಣಾ ಕಂಪನಿಯನ್ನು ಆಯೋಗ ಬಿಡುಗಡೆ ಮಾಡಬಹುದು.

ಅಡ್ಡ ಸಬ್ಸಿಡಿ ಎಂದರೆ, ದೊಡ್ಡ ಗ್ರಾಹಕರಿಂದ ತುಸು ಹೆಚ್ಚು ವಸೂಲು ಮಾಡಿ ಆ ಹಣದಲ್ಲಿ ಸಣ್ಣವರ ದರ ಇಳಿಸುವುದು. ಮದುವೆ ಛತ್ರದಿಂದ, ಮಾಲ್‌ನಿಂದ, ಕಾರ್ಖಾನೆಯಿಂದ ಬಂದ ಹೆಚ್ಚುವರಿ ಹಣ ಹಳ್ಳಿಯ ಫೀಡರ್‌ನ, ಎಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಲೈನಿನ, ಖರ್ಚನ್ನು ತುಂಬುತ್ತದೆ. ಬಜೆಟ್‌ನಲ್ಲಿ ಕಾಣದ ಈ ಏರ್ಪಾಟಿನ ಮೇಲೆಯೇ ದೇಶದ ವಿತರಣಾ ವ್ಯವಸ್ಥೆ ದಶಕಗಳಿಂದ ನಿಂತಿದೆ.

ಸಿಮ್ ಕಾರ್ಡಿನ ಹೋಲಿಕೆ ಯಾಕೆ ಹೊಂದುವುದಿಲ್ಲ?

ಮೊಬೈಲ್ ಕಂಪನಿಗಳು ತಂತಮ್ಮ ಟವರ್ ಮತ್ತು ತರಂಗಾಂತರ ಇಟ್ಟುಕೊಂಡು ಪೈಪೋಟಿ ನಡೆಸಿದವು. ಹೊಸ ತಂತ್ರಜ್ಞಾನ ಬಂದಂತೆಲ್ಲ ಖರ್ಚು ಇಳಿಯಿತು. ವಿದ್ಯುತ್ತಿನ ಲೆಕ್ಕ ಹಾಗಿಲ್ಲ. ದೇಶದ ಬಹುತೇಕ ವಿತರಣಾ ಕಂಪನಿಗಳು ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ 70ರಿಂದ 80 ರೂಪಾಯಿ ವಿದ್ಯುತ್ ಖರೀದಿಗೇ ಹೋಗುತ್ತದೆ. ಆ ಖರೀದಿಯೂ ಬಹುಪಾಲು 25 ವರ್ಷಗಳಂಥ ದೀರ್ಘ ಒಪ್ಪಂದಗಳಲ್ಲಿ ಕಟ್ಟಿಬಿದ್ದಿದೆ. ಇನ್ನೊಂದಷ್ಟು ಹಣ ತಂತಿಗೆ ಬೇಕು, ಆ ತಂತಿ ಇಬ್ಬರಿಗೂ ಒಂದೇ. ಉಳಿಯುವುದು ಬಿಲ್ ಹಾಕುವುದು, ವಸೂಲಿ ಮಾಡುವುದು, ದೂರು ಕೇಳುವುದು, ಕಳ್ಳತನ ತಡೆಯುವುದು.

ಹಾಗಾದರೆ ಹೊಸಬರು ಕಡಿಮೆ ದರ ಕೊಡುವುದು ಹೇಗೆ? ದಾರಿ ಎರಡೇ. ಹಳೆಯ ದುಬಾರಿ ಒಪ್ಪಂದಗಳ ಹಂಗಿಲ್ಲದೆ ಅಗ್ಗದ ಸೌರ, ಪವನ ವಿದ್ಯುತ್ ಕೊಳ್ಳುವುದು; ಇಲ್ಲವೇ ಚೆನ್ನಾಗಿ ಬಿಲ್ ಕಟ್ಟುವ ಗ್ರಾಹಕರನ್ನಷ್ಟೇ ಆರಿಸಿಕೊಳ್ಳುವುದು. ಮೊದಲನೆಯದು ನ್ಯಾಯವಾದ ಪೈಪೋಟಿ. ಎರಡನೆಯದು ಹಾಲಿನ ಕೆನೆ ತೆಗೆದುಕೊಂಡು ಉಳಿದದ್ದನ್ನು ಸರ್ಕಾರಿ ಕಂಪನಿಗೆ ಬಿಡುವ ವ್ಯಾಪಾರ. ಕರಡಿನ ಸುತ್ತ ನಡೆದಿರುವ ಜಗಳವೆಲ್ಲ ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದರದ್ದು.

1991: ಬಾಗಿಲು ತೆರೆದದ್ದು ಹೇಗೆ?

ಸರ್ಕಾರ ಮತ್ತು ಕಂಪನಿಗಳ ಒಪ್ಪಂದ ಕನ್ನಡ ನಾಡಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದೇ ಅಂಥದೊಂದು ಏರ್ಪಾಟಿನಿಂದ. ಕಟ್ಟಿಸಿದ್ದು ಮೈಸೂರು ಸರ್ಕಾರ, ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಕೊಳ್ಳುವ ಮಾತು ಕೊಟ್ಟದ್ದು ಗಣಿ ಕಂಪನಿಗಳು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಅಲ್ಲಿ ವಿದ್ಯುತ್ ಯಾರಿಗೆ ಬೇಕಿತ್ತೋ ಅವರೇ ಖರೀದಿಯ ಹೊಣೆ ಹೊತ್ತಿದ್ದರು. ತೊಂಬತ್ತು ವರ್ಷಗಳ ನಂತರದ ಒಪ್ಪಂದಗಳಲ್ಲಿ ಈ ಹೊಣೆ ಅದಲುಬದಲಾಯಿತು.

1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ರಾಜ್ಯಗಳ ವಿದ್ಯುತ್ ಮಂಡಳಿಗಳು ಸಾಲದಲ್ಲಿ ಮುಳುಗಿದ್ದಾಗ, ಕೇಂದ್ರ ಸರ್ಕಾರ ಉತ್ಪಾದನೆಯನ್ನು ಖಾಸಗಿಯವರಿಗೆ ತೆರೆಯಿತು. ಹೂಡಿದ ಬಂಡವಾಳಕ್ಕೆ ಶೇ 16ರಷ್ಟು ಪ್ರತಿಫಲದ ಭರವಸೆ ಕೊಟ್ಟಿತು. ಎಂಟು ಯೋಜನೆಗಳನ್ನು ‘ಫಾಸ್ಟ್ ಟ್ರ್ಯಾಕ್’ ಎಂದು ಗುರುತಿಸಿತು. ಕೊಳ್ಳುವ ಮಂಡಳಿ ಹಣ ಕೊಡದಿದ್ದರೆ ರಾಜ್ಯ ಸರ್ಕಾರ, ರಾಜ್ಯವೂ ಕೊಡದಿದ್ದರೆ ಕೇಂದ್ರ ಎಂಬಂತೆ ಖಾತರಿಯ ಮೇಲೆ ಖಾತರಿ ನಿಂತವು.

ಅದರ ಫಲವನ್ನು ಮಹಾರಾಷ್ಟ್ರದ ದಾಭೋಳದಲ್ಲಿ ಕಂಡೆವು. ಎನ್ರಾನ್ ನೇತೃತ್ವದ ಕಂಪನಿಯೊಂದಿಗಿನ ಒಪ್ಪಂದದಲ್ಲಿ ವಿದ್ಯುತ್ ಬೇಕಿರಲಿ ಬೇಡವಾಗಿರಲಿ, ನಿಗದಿತ ಶುಲ್ಕವನ್ನು ಮಂಡಳಿ ಕೊಡಬೇಕಿತ್ತು. ದರ ಡಾಲರ್‌ಗೆ ತಳುಕು ಹಾಕಿಕೊಂಡಿತ್ತು. ಇಂಧನದ ಬೆಲೆ ಏರಿದರೂ, ರೂಪಾಯಿ ಇಳಿದರೂ ಪೆಟ್ಟು ಕೊಳ್ಳುವವರಿಗೇ. 1995ರಲ್ಲಿ ರಾಜ್ಯದ ಹೊಸ ಸರ್ಕಾರ ಒಪ್ಪಂದ ರದ್ದು ಮಾಡಿತು, ಆಮೇಲೆ ಮಾತುಕತೆ ನಡೆಸಿ ಮತ್ತೆ ಒಪ್ಪಿಕೊಂಡಿತು. 1999ರಲ್ಲಿ 740 ಮೆಗಾವಾಟ್‌ನ ಮೊದಲ ಹಂತ ಶುರುವಾಯಿತು. 2001ರ ಮೇ ತಿಂಗಳಲ್ಲಿ ಮಂಡಳಿ ಖರೀದಿ ನಿಲ್ಲಿಸಿತು, ಡಿಸೆಂಬರ್‌ನಲ್ಲಿ ಎನ್ರಾನ್ ಅಮೆರಿಕದಲ್ಲೇ ದಿವಾಳಿಯಾಯಿತು. ಕೊನೆಗೆ ಆ ಸ್ಥಾವರವನ್ನು ಮತ್ತೆ ನಡೆಸಲು ಎನ್‌ಟಿಪಿಸಿ, ಗೇಲ್‌ನಂಥ ಸರ್ಕಾರಿ ಕಂಪನಿಗಳೇ ಬರಬೇಕಾಯಿತು.

ಕರ್ನಾಟಕದ ಪಾಲಿಗೂ ಇಂಥ ಪಾಠಗಳು ಬಂದವು. ನಂದಿಕೂರಿನ 1,000 ಮೆಗಾವಾಟ್ ಯೋಜನೆ ಪರಿಸರ ಹೋರಾಟ, ನ್ಯಾಯಾಲಯ, ಖಾತರಿಯ ವಿಳಂಬಗಳಲ್ಲಿ ಸಿಕ್ಕಿಕೊಂಡು, 1999ರ ಡಿಸೆಂಬರ್‌ನಲ್ಲಿ ಅದನ್ನು ಕಟ್ಟಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಗಂಟುಮೂಟೆ ಕಟ್ಟಿತು. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರ ಹೊತ್ತಿಗೆ ದೋಣಿಯ ಮೇಲೆ ಕೂರಿಸಿದ 220 ಮೆಗಾವಾಟ್ ಸ್ಥಾವರ ಬಂತು. ಅದು ಸುಡುತ್ತಿದ್ದುದು ನಾಫ್ತಾ ಎಂಬ ಪೆಟ್ರೋಲಿಯಂ ಇಂಧನ, ಆದ್ದರಿಂದ ವಿದ್ಯುತ್ ದುಬಾರಿ. ಒಪ್ಪಂದದ ಅವಧಿ ಮುಗಿದ ಮೇಲೆ ದೋಣಿಯೇ ಆಂಧ್ರದ ಕಾಕಿನಾಡಕ್ಕೆ ಹೋಯಿತು! ನಂದಿಕೂರು ಸೀಮೆಯಲ್ಲಿ ಮುಂದೆ ಆಮದು ಕಲ್ಲಿದ್ದಲಿನ 1,200 ಮೆಗಾವಾಟ್ ಉಡುಪಿ ಸ್ಥಾವರ ಎದ್ದಿತು. ಇಂಥ ಸ್ಥಾವರಗಳ ಒಪ್ಪಂದಗಳ ಗುಣ ಒಂದೇ. ಸೌರ ವಿದ್ಯುತ್ ಹೆಚ್ಚಿ ಖರೀದಿ ತಗ್ಗಿದರೂ ನಿಗದಿತ ಶುಲ್ಕ ತಪ್ಪದು, ಅದು ಎಸ್ಕಾಂನ (ಬೆಸ್ಕಾಂ, ಹೆಸ್ಕಾಂನಂಥ ವಿತರಣಾ ಕಂಪನಿಯ) ಲೆಕ್ಕ ಹಾದು ಗ್ರಾಹಕರ ಬಿಲ್ಲಿಗೆ ಬರುತ್ತದೆ.

ಹೀಗೆ ಮೊದಲ ಹಂತದ ಉದಾರೀಕರಣ ತಲೆಕೆಳಗಾಗಿ ನಡೆಯಿತು. ಹಣ ಬರುವ ಜಾಗವೆಂದರೆ ವಿತರಣೆ. ಮೀಟರ್ ಇಲ್ಲದ, ಸೋರುವ, ಸಕಾಲಕ್ಕೆ ಸಬ್ಸಿಡಿ ಸಿಗದ ಆ ಮನೆಯನ್ನು ಸರಿಪಡಿಸದೆ, ಖರ್ಚಾಗುವ ಜಾಗವಾದ ಉತ್ಪಾದನೆಯನ್ನು ಮೊದಲು ತೆರೆಯಲಾಯಿತು. ಖಾಸಗಿಯವರು ಲಾಭಕೋರರು, ಸರ್ಕಾರಿ ನೌಕರರು ಸೋಮಾರಿಗಳು ಎಂಬ ಎರಡೂ ಸಿದ್ಧ ಬೈಗುಳಗಳಿಗಿಂತ ಈ ಹೆಜ್ಜೆ ತಪ್ಪಿದ ಕ್ರಮವೇ ಹೆಚ್ಚು ಹಾನಿ ಮಾಡಿತು.

ಕೆಇಬಿ ಒಡೆದದ್ದು, 36 ಪೈಸೆ ಬಂದದ್ದು

ತಪ್ಪು ತಿದ್ದಿಕೊಳ್ಳುವ ಎರಡನೇ ಹಂತ ತೊಂಬತ್ತರ ದಶಕದ ಕೊನೆಗೆ ಶುರುವಾಯಿತು. 1957ರಲ್ಲಿ ಹುಟ್ಟಿದ ರಾಜ್ಯದ ವಿದ್ಯುತ್ ಮಂಡಳಿ ಕೆಇಬಿ 1999ರ ಆಗಸ್ಟ್‌ನಲ್ಲಿ ಕೆಪಿಟಿಸಿಎಲ್ ಎಂಬ ಕಂಪನಿಯಾಯಿತು. ದರ ನಿಗದಿ ಮಂತ್ರಿಗಳ ಕೈಯಿಂದ ಕೆಇಆರ್‌ಸಿಗೆ ಹೋಯಿತು. 2002ರ ಜೂನ್‌ನಲ್ಲಿ ವಿತರಣೆ ನಾಲ್ಕು ಕಂಪನಿಗಳಾಗಿ ಒಡೆಯಿತು, 2005ರಲ್ಲಿ ಮೈಸೂರು ಭಾಗಕ್ಕೆ ಐದನೆಯದು ಬಂತು. ಮುಂದಿನ ಹೆಜ್ಜೆ ಖಾಸಗೀಕರಣ ಎಂದು ಆಗ ಯೋಜನೆಯಿತ್ತು, ಅದು ಕಡತದಲ್ಲೇ ಉಳಿಯಿತು. ಹಳ್ಳಿಗಳಲ್ಲಿ ಇಂದಿಗೂ ಲೈನ್‌ಮ್ಯಾನ್ ‘ಕೆಇಬಿಯವ’ನೇ ಆಗಿರುವುದು ಸುಮ್ಮನೆ ಅಲ್ಲ. ಹೆಸರು ಬದಲಾದಷ್ಟು ಬೇಗ ವ್ಯವಹಾರ ಬದಲಾಗಲಿಲ್ಲ.

ಮಂಡಳಿ ಕಂಪನಿಯಾದಾಗ ನೌಕರರ ಪಿಂಚಣಿಯ ಪ್ರಶ್ನೆ ಎದ್ದಿತ್ತು. ಸರ್ಕಾರ ತನ್ನ ಪಾಲು ಕೊಡುವುದಾಗಿ ಮಾತು ಕೊಟ್ಟಿತ್ತು. ಆ ಪಾಲಿನ ಜಗಳ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆಯಂತೆ ಗ್ರಾಹಕರ ಬಿಲ್ಲಿಗೆ ಸೇರಿತು. ಸುಧಾರಣೆಯ ದಿನ ಕೊಟ್ಟ ವಚನವೊಂದು ಕಾಲು ಶತಮಾನದ ನಂತರ ಹೀಗೆ ಮನೆಗಳ ಬಾಗಿಲಿಗೆ ಬಂದು ನಿಂತಿತು. ಹೊಸ ಕರಡಿನ ವಚನಗಳನ್ನು ಓದುವಾಗ ಈ 36 ಪೈಸೆ ನೆನಪಿರಲಿ.

ಒಡಿಶಾ, ದೆಹಲಿ: ಒಂದೇ ಔಷಧ, ಬೇರೆ ಬೇರೆ ಪರಿಣಾಮ

ವಿತರಣೆಯನ್ನೇ ಖಾಸಗಿಗೆ ಕೊಟ್ಟ ಮೊದಲ ರಾಜ್ಯ ಒಡಿಶಾ. ವಿಶ್ವಬ್ಯಾಂಕ್ ನೆರವಿನಿಂದ 1996ರಲ್ಲಿ ಸುಧಾರಣೆ ಆರಂಭಿಸಿ, 1999ರಲ್ಲಿ ಮೂರು ವಲಯಗಳನ್ನು ಬಿಎಸ್‌ಇಎಸ್‌ಗೂ ನಡುವಣ ವಲಯವನ್ನು ಅಮೆರಿಕದ ಎಇಎಸ್‌ಗೂ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಮಹಾ ಚಂಡಮಾರುತ ಅಪ್ಪಳಿಸಿ ಜಾಲವನ್ನು ನೆಲಸಮ ಮಾಡಿತು. ಸುಧಾರಣೆ ಮುಗಿಯಿತೆಂದು ಸರ್ಕಾರ ಸಹಾಯದ ಕೈ ಹಿಂತೆಗೆದಿತ್ತು, ಹೊಸ ಒಡೆಯರೂ ಹಣ ಹಾಕಲಿಲ್ಲ. 2001ರಲ್ಲಿ ಎಇಎಸ್ ಹೊರನಡೆಯಿತು, 2015ರಲ್ಲಿ ಉಳಿದ ಮೂರರ ಲೈಸೆನ್ಸ್‌ಗಳನ್ನೂ ಆಯೋಗ ರದ್ದು ಮಾಡಿತು. 2020-21ರಲ್ಲಿ ಟಾಟಾ ಪವರ್ ನಾಲ್ಕೂ ವಲಯಗಳ ಶೇ 51ರಷ್ಟು ಪಾಲು ಪಡೆದು ಎರಡನೇ ಅಧ್ಯಾಯ ಶುರು ಮಾಡಿತು. ಶೇ 49 ಸರ್ಕಾರದ್ದೇ.

ದೆಹಲಿ 2002ರಲ್ಲಿ ಒಡಿಶಾದ ತಪ್ಪುಗಳನ್ನು ನೋಡಿಕೊಂಡು ಹೊರಟಿತು. ಹೆಚ್ಚು ಹಣ ಕೊಟ್ಟವರಿಗೆ ಎನ್ನುವ ಬದಲು, ನಷ್ಟವನ್ನು ಹೆಚ್ಚು ಇಳಿಸುವ ಮಾತು ಕೊಟ್ಟವರಿಗೆ ಕಂಪನಿ ಎಂದು ಹರಾಜಿನ ನಿಯಮ ಮಾಡಿತು. ಮೊದಲ ಐದು ವರ್ಷಗಳಿಗೆ ಸರ್ಕಾರವೇ 3,450 ಕೋಟಿ ರೂಪಾಯಿ ನೆರವು ಇಟ್ಟಿತು. ಆಗ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗದ ಹಣ ವಾಪಸ್ ಬರುತ್ತಿರಲಿಲ್ಲ. ಈಗ ಆ ನಷ್ಟ ಒಂದಂಕಿಗೆ ಇಳಿದಿದೆ. ಖಾಸಗಿ ಆಡಳಿತ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ದೇಶದಲ್ಲಿಲ್ಲ.

ಆದರೆ ದೆಹಲಿಯ ಕಥೆಗೆ ಹಿಂಬದಿ ಪುಟವೂ ಇದೆ. ದರ ಏರಿಸಿದರೆ ಮತ ಹೋಗುತ್ತದೆಂಬ ಭಯ. ಹೀಗಾಗಿ ಕಂಪನಿಗಳಿಗೆ ಆಯೋಗ ಒಪ್ಪಿದ ವೆಚ್ಚವನ್ನೂ ದರಕ್ಕೆ ಸೇರಿಸದೆ ‘ಮುಂದೆ ನೋಡೋಣ’ ಎಂದು ಬರೆದಿಡಲಾಯಿತು. ಲೆಕ್ಕದ ಭಾಷೆಯಲ್ಲಿ ಇದು ರೆಗ್ಯುಲೇಟರಿ ಅಸೆಟ್. ಕಿರಾಣಿ ಅಂಗಡಿಯ ಭಾಷೆಯಲ್ಲಿ ಉದ್ರಿ. ದೆಹಲಿಯ ಮೂರು ಕಂಪನಿಗಳ ಈ ಉದ್ರಿ 27,000 ಕೋಟಿ ರೂಪಾಯಿ ದಾಟಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೀಗೆಯೇ ಬೆಳೆಸುವಂತಿಲ್ಲ ಎಂದು ಹೇಳಿ, 2024ರ ಏಪ್ರಿಲ್‌ನಿಂದ ಲೆಕ್ಕ ಹಾಕಿ ಏಳು ವರ್ಷಗಳಲ್ಲಿ ಹಳೆಯ ಬಾಕಿಯನ್ನೆಲ್ಲ ತೀರಿಸಬೇಕೆಂದು ಎಲ್ಲ ರಾಜ್ಯಗಳಿಗೂ ತಾಕೀತು ಮಾಡಿತು. ಎಂದರೆ ಅಂದು ಅಗ್ಗವಾಗಿ ಸಿಕ್ಕ ಕರೆಂಟಿಗೆ ಇಂದು ಬೇರೆ ಯಾರೋ ಹಣ ಕಟ್ಟಬೇಕು.

ಮುಂಬೈ: ತಂತಿ ಹಂಚಿಕೊಂಡ ಊರು

ಕರಡಿಗೆ ತೀರ ಹತ್ತಿರದ ಉದಾಹರಣೆ ಮುಂಬೈ ಉಪನಗರದ್ದು. ಅಲ್ಲಿ ಟಾಟಾಗೂ ಚಿಲ್ಲರೆ ವಿತರಣೆಯ ಹಕ್ಕಿದೆಯೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ರಾಜ್ಯ ಆಯೋಗ, ಅಲ್ಲಿ ಆಗಲೇ ವಿತರಣೆ ನಡೆಸುತ್ತಿದ್ದ ರಿಲಯನ್ಸ್‌ನ ತಂತಿಯ ಮೇಲೆಯೇ ಟಾಟಾ ವಿದ್ಯುತ್ ಪಡೆಯಲು ಗ್ರಾಹಕರಿಗೆ ದಾರಿ ಮಾಡಿಕೊಟ್ಟಿತು. ಟಾಟಾ ದರ ಕಡಿಮೆ ಇತ್ತು, ಲಕ್ಷಾಂತರ ಜನ ಬದಲಾದರು.

ಮೊದಲು ಹೋದವರು ಹೆಚ್ಚು ವಿದ್ಯುತ್ ಬಳಸುವ, ಹೆಚ್ಚು ಹಣ ಕೊಡುವ ಗ್ರಾಹಕರು. ಉಳಿದವರ ಸಬ್ಸಿಡಿ ಭಾರ ಹೊರುವವರು ಕಡಿಮೆಯಾದರು. ಹೀಗಾಗಿ 2011ರಲ್ಲಿ ಆಯೋಗ, ಬದಲಾದ ಗ್ರಾಹಕರ ಮೇಲೂ ಅಡ್ಡ ಸಬ್ಸಿಡಿ ಸರ್‌ಚಾರ್ಜ್ ಹಾಕಬೇಕಾಯಿತು. ಎಂದರೆ ಪೈಪೋಟಿಯಿಂದ ಸಿಕ್ಕ ಲಾಭದ ಒಂದು ಭಾಗವನ್ನು ಸರ್‌ಚಾರ್ಜ್ ನುಂಗಿತು. ಯಾವ ತಂತಿ ಯಾರು ಹಾಕಬೇಕು, ಸಣ್ಣ ಗ್ರಾಹಕರನ್ನು ಯಾರು ನೋಡಬೇಕು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಮುಂಬೈ ಅಂದರೆ ಪಂಪ್‌ಸೆಟ್ ಇಲ್ಲದ, ಕಳ್ಳತನ ಕಡಿಮೆಯಿರುವ, ಹಣವಿರುವ ಊರು. ಅಲ್ಲೇ ಇಷ್ಟು ತೊಡಕಾದರೆ ಕಲಬುರಗಿ ಜಿಲ್ಲೆಯ ಫೀಡರ್‌ನಲ್ಲಿ ಏನಾದೀತು ಎಂದು ಕೇಳುವುದು ತಪ್ಪಲ್ಲ.

ಕರ್ನಾಟಕ ಆಗಲೇ ಮಾಡಿರುವ ಪ್ರಯೋಗ

ನಮ್ಮ ರಾಜ್ಯದಲ್ಲಿ ಎಸ್ಕಾಂಗಳ ಹೊರಗೆ ವಿತರಣೆ ಈಗಲೂ ಉಂಟು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಕರೆಂಟ್ ಹಂಚುತ್ತದೆ. ಮಂಗಳೂರಿನ ವಿಶೇಷ ಆರ್ಥಿಕ ವಲಯಕ್ಕೂ ತನ್ನದೇ ಲೈಸೆನ್ಸ್ ಇದೆ. ಆದರೆ ಹೆಚ್ಚು ಕಲಿಸುವುದು ಸೌರ ವಿದ್ಯುತ್ತಿನ ಅನುಭವ.

2013ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಚಾಲೂ ಆದ ಸೌರ ಘಟಕಗಳಿಗೆ ಹತ್ತು ವರ್ಷ ತಂತಿ ಬಾಡಿಗೆಯೂ ಇಲ್ಲ, ಅಡ್ಡ ಸಬ್ಸಿಡಿ ಸರ್‌ಚಾರ್ಜೂ ಇಲ್ಲ ಎಂದು ಕೆಇಆರ್‌ಸಿ ಆದೇಶಿಸಿತ್ತು. ಗಡುವಿಗೆ ಮುನ್ನ ಘಟಕಗಳು ಸಾಲುಗಟ್ಟಿ ಬಂದವು, ಕರ್ನಾಟಕ ಸೌರ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಾಯಿತು. ಅವುಗಳಿಂದ ನೇರವಾಗಿ ಕೊಂಡ ಉದ್ಯಮಗಳಿಗೆ ಅಗ್ಗದ ವಿದ್ಯುತ್ ಸಿಕ್ಕಿತು. ಅದೇ ಹೊತ್ತಿಗೆ ಚೆನ್ನಾಗಿ ಹಣ ಕೊಡುವ ಗ್ರಾಹಕರ ವ್ಯಾಪಾರ ಎಸ್ಕಾಂಗಳ ಕೈಬಿಟ್ಟಿತು, ತಂತಿಯ ಖರ್ಚು ಮಾತ್ರ ಉಳಿದವರ ಮೇಲೆ ಉಳಿಯಿತು. ಕರಡು ಕಾಯ್ದೆಯಾದರೆ ದೊಡ್ಡ ಪ್ರಮಾಣದಲ್ಲಿ ಏನಾಗಬಹುದು ಎಂಬುದರ ಸಣ್ಣ ರೂಪ ಇದು.

ಪಾವಗಡ ಬೇರೆಯದೇ ಮಾದರಿ. ಸುಮಾರು 13,000 ಎಕರೆಯನ್ನು ಸರ್ಕಾರಿ ಕಂಪನಿ ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ರಸ್ತೆ, ಸಬ್‌ಸ್ಟೇಷನ್, ಪ್ರಸರಣದ ಹೊಣೆ ಸರ್ಕಾರದ್ದು. ಹರಾಜಿನಲ್ಲಿ ಗೆದ್ದ ಕಂಪನಿಗಳು ಫಲಕ ಕೂರಿಸಿ 2,050 ಮೆಗಾವಾಟ್ ಕಟ್ಟಿದವು. ಭೂಮಿಯಿಲ್ಲದ ಕೂಲಿಕಾರರಿಗೆ ಬಾಡಿಗೆಯಲ್ಲಿ ಪಾಲಿಲ್ಲ ಎಂಬ ನ್ಯಾಯವಾದ ಟೀಕೆ ಇದರ ಮೇಲಿದೆ. ಆದರೂ ಯಾವ ಹೊಣೆ ಯಾರದ್ದೆಂದು ಮೊದಲೇ ಬಿಡಿಸಿ ಬರೆದಿದ್ದರಿಂದ ಕೆಲಸ ನಡೆಯಿತು. ದಾಭೋಳದಲ್ಲಿ ಎಲ್ಲ ಹೊಣೆಯೂ ಒಂದೇ ಕಡೆ ಬಿದ್ದಿತ್ತು.

ಯಾರ ವಾದ ಏನು?

ಕೇಂದ್ರದ ವಾದ ಸರಳ. ವಿತರಣಾ ಕಂಪನಿಗಳ ಒಟ್ಟು ಸಂಚಿತ ನಷ್ಟ 6.9 ಲಕ್ಷ ಕೋಟಿ ರೂಪಾಯಿ ಮೀರಿದೆ. ಮತ್ತೆ ಮತ್ತೆ ಸಾಲ ಕಟ್ಟಿಕೊಟ್ಟು ಸಾಕಾಗಿದೆ. ದುಬಾರಿ ವಿದ್ಯುತ್ತಿನಿಂದ ನಮ್ಮ ಕಾರ್ಖಾನೆಗಳು ಹೊರದೇಶದವರ ಜೊತೆ ಪೈಪೋಟಿ ಮಾಡಲಾರವು. ಉದ್ಯಮ ಸಂಸ್ಥೆಗಳದ್ದೂ ಇದೇ ಮಾತು: ಬಡವರಿಗೆ ಸಬ್ಸಿಡಿ ಕೊಡುವುದು ಸರ್ಕಾರದ ಕೆಲಸ, ಪಕ್ಕದ ಗ್ರಾಹಕನದ್ದಲ್ಲ.

ನೌಕರರು ಮತ್ತು ಎಂಜಿನಿಯರ್‌ಗಳ ಸಂಘಟನೆಗಳು ಕೇಳುವುದು: ಸಾರ್ವಜನಿಕರ ಹಣದಲ್ಲಿ ಹಾಕಿದ ತಂತಿಯ ಮೇಲೆ ಖಾಸಗಿಯವರು ಲಾಭ ಮಾಡಿ, ರಿಪೇರಿ ಮತ್ತು ಮಳೆಗಾಲದ ಕಷ್ಟ ಸರ್ಕಾರಿ ಕಂಪನಿಗೆ ಏಕೆ ಉಳಿಯಬೇಕು? 2023ರ ಜನವರಿಯಲ್ಲಿ ನವಿ ಮುಂಬೈನಲ್ಲಿ ಅದಾನಿ ಕಂಪನಿ ಸಮಾನಾಂತರ ಲೈಸೆನ್ಸ್ ಕೇಳಿದ್ದಕ್ಕೇ ಮಹಾರಾಷ್ಟ್ರದ ವಿದ್ಯುತ್ ನೌಕರರು ಮುಷ್ಕರ ಹೂಡಿದ್ದರು. ರೈತರ ಆತಂಕ ಇನ್ನೂ ಹಳೆಯದು. 2020-21ರ ದೆಹಲಿ ಗಡಿಯ ಹೋರಾಟದಲ್ಲಿ ಕೃಷಿ ಕಾಯ್ದೆಗಳ ಜೊತೆ ವಿದ್ಯುತ್ ಮಸೂದೆಯೂ ಬೇಡಿಕೆಗಳ ಪಟ್ಟಿಯಲ್ಲಿತ್ತು. 2022ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಅಲ್ಲೇ ಕೂತಿತು.

ರಾಜ್ಯಗಳಿಗೆ ಅಧಿಕಾರದ ಪ್ರಶ್ನೆಯೂ ಇದೆ. ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ, ಎಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಕಾಯ್ದೆ ಬದಲಿಸುವವರು ಕೇಂದ್ರದವರು, ಕರೆಂಟ್ ಹೋದಾಗ ಜನ ಬೈಯುವುದು ರಾಜ್ಯದವರನ್ನು.

ಬಂದರೆ ಏನಾಗಬಹುದು?

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಕಡೆಗಳಿಗೆ ಹೊಸ ಕಂಪನಿಗಳು ಮೊದಲು ಬರುತ್ತವೆ. ಕೈಗಾರಿಕೆ ಮತ್ತು ವಾಣಿಜ್ಯ ಗ್ರಾಹಕರಿಗೆ ದರ ಇಳಿಯಬಹುದು, ಸೇವೆಯೂ ಸುಧಾರಿಸಬಹುದು. ಸಾಮಾನ್ಯ ಮನೆಗಳಿಗೆ ಕಣ್ಣಿಗೆ ಕಾಣುವಂಥ ಅಗ್ಗದ ದರ ಬೇಗ ಸಿಗುವುದು ಕಷ್ಟ. ಹಳ್ಳಿಯ ಗ್ರಾಹಕರು ಬಹುಕಾಲ ಎಸ್ಕಾಂನಲ್ಲೇ ಇರುತ್ತಾರೆ.

ಉಚಿತ ವಿದ್ಯುತ್ ನಿಲ್ಲುತ್ತದೆಯೇ? ಕಾಯ್ದೆಯ 65ನೇ ಕಲಂ ಪ್ರಕಾರ ರಾಜ್ಯ ಯಾರಿಗೆ ಬೇಕಾದರೂ ಸಬ್ಸಿಡಿ ಕೊಡಬಹುದು, ಆದರೆ ಹಣ ಮುಂಗಡವಾಗಿ ಕೊಡಬೇಕು. ತಿದ್ದುಪಡಿ ಬಂದರೂ ಗೃಹಜ್ಯೋತಿಯ 200 ಯೂನಿಟ್, 10 ಎಚ್‌ಪಿವರೆಗಿನ ಪಂಪ್‌ಸೆಟ್‌ನ ಉಚಿತ ವಿದ್ಯುತ್ ಮುಂದುವರಿಸಲು ಕಾನೂನಿನ ತಡೆಯಿಲ್ಲ. ತಡೆ ಖಜಾನೆಯದು. ಇವತ್ತು ಸಬ್ಸಿಡಿ ತಡವಾದರೆ ಎಸ್ಕಾಂ ಸಾಲ ಮಾಡಿ ನಿಭಾಯಿಸುತ್ತದೆ, ಏಕೆಂದರೆ ಅದರ ಒಡೆಯ ಸರ್ಕಾರವೇ. ಬೇರೆ ಒಡೆಯನಿಗೆ ಆ ತಾಳ್ಮೆ ಇರುವುದಿಲ್ಲ. ಅಡ್ಡ ಸಬ್ಸಿಡಿಯೂ ಕಡಿಮೆಯಾಗುವುದರಿಂದ ಬಜೆಟ್‌ನಿಂದ ಹೋಗಬೇಕಾದ ಮೊತ್ತ ಇನ್ನೂ ದೊಡ್ಡದಾಗುತ್ತದೆ. ಅದಕ್ಕೂ ಮುಂಚಿನ ತೊಡಕು ಅಳತೆಯದು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಬಹುಪಾಲಿಗೆ ಮೀಟರ್ ಇಲ್ಲ. ಎಷ್ಟು ಯೂನಿಟ್ ಉರಿಯಿತೆಂದು ಅಂದಾಜಿನಲ್ಲೇ ಲೆಕ್ಕ ಬರೆಯುವ ಕಡೆ ಯಾವ ಕಂಪನಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಹೇಗೆ?

ಹೀಗಾಗಿ ಅಂತಿಮ ಮಸೂದೆಯಲ್ಲಿ ನೋಡಬೇಕಾದ ಸಾಲುಗಳು ಕೆಲವೇ. ತಂತಿಯ ಬಾಡಿಗೆಯಲ್ಲಿ ಹಳ್ಳಿಯ ಉದ್ದನೆಯ ಲೈನುಗಳ ಖರ್ಚು ಸೇರುತ್ತದೆಯೋ ಅಥವಾ ಆಯಾ ನಗರದ ತಂತಿಯ ಖರ್ಚು ಮಾತ್ರವೋ. ಹಳೆಯ ಖರೀದಿ ಒಪ್ಪಂದಗಳ ನಿಗದಿತ ಶುಲ್ಕದಲ್ಲಿ ಹೊಸಬರೂ ಪಾಲು ಹೊರಬೇಕೋ ಬೇಡವೋ. ಒಂದು ಕಂಪನಿಗೆ ಉಳಿದ ಹೆಚ್ಚುವರಿ ಅಡ್ಡ ಸಬ್ಸಿಡಿ ಕೊರತೆಯಿರುವ ಕಂಪನಿಗೆ ಹೋಗಲು 2022ರ ಮಸೂದೆಯಲ್ಲಿ ಪ್ರತ್ಯೇಕ ನಿಧಿಯ ಮಾತಿತ್ತು. ಅಂಥ ನಿಧಿ ಇರುತ್ತದೆಯೋ ಇಲ್ಲವೋ. ದೊಡ್ಡ ಗ್ರಾಹಕ ಹೊರಗೆ ಹೋಗಿ, ಅಲ್ಲಿ ದರ ಏರಿದ ದಿನ ಮತ್ತೆ ಎಸ್ಕಾಂ ಬಾಗಿಲಿಗೆ ಬಂದರೆ ಅವನಿಗೆ ಯಾವ ದರ. ಈ ನಾಲ್ಕಕ್ಕೆ ಉತ್ತರ ಬರೆಯದೆ ಲೈಸೆನ್ಸ್ ಹಂಚಲು ಹೊರಟರೆ, ವಿತರಣೆಯನ್ನು ಸರಿಪಡಿಸದೆ ಉತ್ಪಾದನೆ ತೆರೆದ 1991ರ ಕ್ರಮವೇ ಮತ್ತೊಮ್ಮೆ ಆದಂತೆ. ಬರೆದರೆ, ಹುಬ್ಬಳ್ಳಿಯ ಕಾರ್ಖಾನೆಯವನು ಹೆಸ್ಕಾಂ ಬಿಟ್ಟು ಹೋದ ತಿಂಗಳು ಕುಂದಗೋಳದ ಲೈನ್‌ಮ್ಯಾನ್‌ನ ಸಂಬಳ ಯಾವ ಖಾತೆಯಿಂದ ಬರುತ್ತದೆ ಎಂಬುದನ್ನು ಇವತ್ತೇ ಲೆಕ್ಕ ಹಾಕಬಹುದು.